ಬೀಗರ ರಿಪೇರಿ

ನಮ್ಮ ಬೀದಿಯ ತಿರುವಿನಲ್ಲಿ ಔಷಧಿ ಅಂಗಡಿಗೂ ಹಾಲಿನ ಬೂತಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಿಂತರೆ ತುಂಬಿಹೋಗುವಷ್ಟು ಜಾಗವಿದೆ. ಅದೇ ಒಂದು ಅಂಗಡಿ. ಅದರ ಬೋರ್ಡು ಬರೆದವನಿಗೆ ಹಸಿವಾಗಿತ್ತೋ ನಿದ್ದೆ ಬಂದಿತ್ತೋ ಗೊತ್ತಿಲ್ಲ. ‘ಬೀಗ ರಿಪೇರಿ ಮಾಡಿಕೊಡಲಾಗುವುದು’ ಎಂದು ಬರೆಯಬೇಕಾದಲ್ಲಿ ಒಂದು ‘ರ’ ಹೆಚ್ಚಿಗೆ ಬರೆದು ‘ಬೀಗರ ರಿಪೇರಿ ಮಾಡಿಕೊಡಲಾಗುವುದು’ ಎಂದು ಮಾಡಿಟ್ಟು ಹೋದ. ಅಂಗಡಿಯ ಯಜಮಾನರು ಅದನ್ನು ತಿದ್ದಿಸಲಿಲ್ಲ. ಮಗಳ ಮಾವನನ್ನೋ ಮಗನ ಅತ್ತೆಯನ್ನೋ ರಿಪೇರಿಗೆ ಕೊಡಬೇಕೆಂಬ ಆಸೆ ಯಾರಿಗಿರುವುದಿಲ್ಲ? ಗಂಡಸರು ನಿಂತು ಓದಿ ನಕ್ಕು ಹೋಗುತ್ತಿದ್ದರು. ಹೆಂಗಸರು ಒಳಗೇ ಬಂದು, “ನಮ್ಮ ಬೀಗಿತ್ತೀನ ಬಿಟ್ಟು ಹೋಗ್ಲಾ? ಯಾವಾಗ ರೆಡಿ ಆಗುತ್ತೆ?” ಎಂದು ಕೇಳುತ್ತಿದ್ದರು. ಹಾಗೆ ನಗಲು ಬಂದವರೇ ಮುಂದೆ ಕೆಟ್ಟ ಬೀಗ ಹಿಡಿದುಕೊಂಡೂ ಬರತೊಡಗಿದರು.

ಹೀಗಾಗಿ ಅವರ ಹೆಸರೇ ಬೀಗರು ಎಂದಾಯಿತು. ಎಲ್ಲರೂ ಕರೆಯುವುದು ಹಾಗೆಯೇ: “ಬನ್ನಿ ಬೀಗರೇ”, “ಕೂತ್ಕೊಳ್ಳಿ ಬೀಗರೇ”. ಮಕ್ಕಳಿಲ್ಲದ, ಆದ್ದರಿಂದ ನಿಜವಾದ ಬೀಗರು ಒಬ್ಬರೂ ಇಲ್ಲದ ಮನುಷ್ಯನಿಗೆ ಈ ಹೆಸರು. ಅವರ ಹೆಂಡತಿ ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ಕೂತು ಛತ್ರಿಗಳ ಕಡ್ಡಿ ಕಟ್ಟುತ್ತಾರೆ, ಹರಿದ ಬಟ್ಟೆ ಹೊಲಿಯುತ್ತಾರೆ. ಆಕೆಯ ನಾಲಿಗೆ ಸೂಜಿಗಿಂತ ಚುರುಕು. ಬಂದವರು ತಮಾಷೆಗೆ “ಬೀಗಿತ್ತಿಯೋರೇ” ಎಂದರೆ, “ಛತ್ರಿ ಕೊಟ್ಟು ಹೋಗ್ರೀ, ಸಂಬಂಧ ಆಮೇಲೆ ಬೆಳೆಸೋಣ” ಎನ್ನುತ್ತಾರೆ.

ಬೀಗರಿಗೆ ಅರವತ್ತರ ಆಸುಪಾಸು. ಗಿಡ್ಡ ಆಳು. ಕಿವಿಯ ಮೇಲೊಂದು ಪೆನ್ಸಿಲು, ಭುಜಕ್ಕೊಂದು ಕ್ಯಾನ್ವಾಸಿನ ಚೀಲ. ಮನೆಗೆ ಕರೆಸಿದರೆ ಬಂದವರೇ ಚೀಲ ಬಿಚ್ಚುವುದಿಲ್ಲ. ಮೊದಲು ಬಾಗಿಲನ್ನು ಹತ್ತು ಸಲ ತೆಗೆದು ಹತ್ತು ಸಲ ಹಾಕುತ್ತಾರೆ, ಕಿವಿಯಿಟ್ಟು ಕೇಳುತ್ತಾರೆ. ಆಮೇಲೆ, “ಬೀಗ ಕೆಟ್ಟಿಲ್ಲಮ್ಮ, ಬಾಗಿಲು ಇಳಿದಿದೆ” ಎಂದು ಹೇಳಿ ಕೀಲಿನ ಎರಡು ತಿರುಪು ಬಿಗಿದು, ಒಂದು ತೊಟ್ಟು ಎಣ್ಣೆ ಬಿಟ್ಟು ಹೊರಟುಬಿಡುತ್ತಾರೆ. ಹೊಸ ಬೀಗ ಮಾರಬೇಕಾದ ಮನುಷ್ಯ ಹೀಗೆ ಮಾಡಿದರೆ ಉದ್ಧಾರವಾಗುವುದು ಹೇಗೆ? ಆಗಿಲ್ಲ. ಮೂವತ್ತು ವರ್ಷದಿಂದ ಅದೇ ಸಂದಿಯಲ್ಲಿದ್ದಾರೆ.

ಅವರದೊಂದು ಹಟವಿದೆ. ಹೊಸ ಬೀಗ ಕೂರಿಸಿದ ಮೇಲೆ ಒಂದು ಪರೀಕ್ಷೆ ಆಗಲೇಬೇಕು. ಮನೆಯವರನ್ನೆಲ್ಲ ಹೊರಗೆ ಕಳಿಸಿ, ಸಾಮಾನಿನ ಚೀಲವನ್ನೂ ಹೊರಗಿಟ್ಟು, ತಾವೊಬ್ಬರೇ ಒಳಗೆ ನಿಂತು ಬಾಗಿಲು ಹಾಕಿಸಿಕೊಳ್ಳುತ್ತಾರೆ. ಕಣ್ಣು ಮುಚ್ಚುತ್ತಾರೆ. ಬರಿಗೈಯಲ್ಲಿ ತಡಕಾಡಿ ಬಾಗಿಲು ತೆಗೆದು ಹೊರಗೆ ಬರುತ್ತಾರೆ. ಬರಲಾಗದಿದ್ದರೆ ಆ ಬೀಗವನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿ ಕೈಗೆ ಕೊಡುತ್ತಾರೆ. “ಹೊರಗಿನವನು ಒಳಗೆ ಬರಬಾರ್ದು, ಸರಿ. ಒಳಗಿನವನು ಹೊರಗೆ ಬರೋಕೆ ಯಾರನ್ನೂ ಕೇಳೋ ಹಾಗಿರಬಾರ್ದು” ಎನ್ನುತ್ತಾರೆ.

ಈ ಹಟಕ್ಕೆ ಕಾರಣವನ್ನು ಅವರ ಹೆಂಡತಿ ನನಗೆ ಹೇಳಿದ್ದರು. ಹರೆಯದಲ್ಲಿ ಬೀಗರು ಒಂದು ಕುರ್ಚಿ ಮೇಜು ಮಾಡುವ ಕಾರ್ಖಾನೆಯಲ್ಲಿದ್ದರಂತೆ. ಕೆಲಸಗಾರರು ಮೊಳೆ ತಿರುಪು ಕದಿಯುತ್ತಾರೆಂದು ಯಜಮಾನ ಹಗಲೆಲ್ಲ ಹೊರಗಿನಿಂದ ಬೀಗ ಹಾಕಿಸುತ್ತಿದ್ದ. ಒಂದು ದಿನ ಮಧ್ಯಾಹ್ನ ವಾರ್ನಿಷ್ ಡಬ್ಬಿಗೆ ಕಿಡಿ ತಗುಲಿ ಒಳಗೆಲ್ಲ ಹೊಗೆ. ಕೀಲಿ ಇಟ್ಟುಕೊಂಡವನು ಊಟಕ್ಕೆ ಹೋಗಿದ್ದ. ಹನ್ನೊಂದು ಜನ ನೆಲಕ್ಕೆ ಮೂಗು ಹಚ್ಚಿಕೊಂಡು, ಅವನು ಊಟ ಮುಗಿಸಿ ಕೈ ಒರೆಸಿಕೊಂಡು ಬರುವವರೆಗೆ ಕಾದರು. ಯಾರೂ ಸಾಯಲಿಲ್ಲ. ಯಜಮಾನ ಎಲ್ಲರಿಗೂ ಟೀ ಕೊಡಿಸಿದ. ಮರುದಿನ ಮತ್ತೆ ಹೊರಗಿನಿಂದ ಬೀಗ ಹಾಕಿಸಿದ. ಆ ಮರುದಿನದ ಬೀಗವನ್ನು ತಡೆದುಕೊಳ್ಳಲಾಗದೆ ಬೀಗರು ಕೆಲಸ ಬಿಟ್ಟರಂತೆ. “ಹೊಗೆ ಇವರನ್ನ ಏನೂ ಮಾಡ್ಲಿಲ್ಲ. ಆ ಟೀನೇ ಇನ್ನೂ ಗಂಟಲಲ್ಲಿದೆ” ಎಂದಿದ್ದರು ಆಕೆ.

ಇಷ್ಟು ಗೊತ್ತಿದ್ದೂ ನಾನು ಅವರನ್ನೇ ಕರೆಸಿದೆ. ಕರೆಸಿದ್ದು ಯಾವ ಕೆಲಸಕ್ಕೆಂದು ಹೇಳಿದರೆ ನೀವು ನನ್ನನ್ನು ಬೈಯಬಹುದು. ಬೈಯಿರಿ, ಆದರೆ ಪೂರ್ತಿ ಕೇಳಿ.

ನಾವಿರುವುದು ಎರಡನೆಯ ಮಹಡಿಯಲ್ಲಿ. ನಮ್ಮವರು ದೂರದ ಊರುಗಳಿಗೆ ಹೋಗುವ ಬಸ್ಸಿನ ಡ್ರೈವರ್. ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುವುದಿಲ್ಲ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ನಡೆದರೆ ಕಾಲು ಗಂಟೆಯ ದಾರಿ. ಮನೆಯಲ್ಲಿ ಉಳಿಯುವವರು ಅತ್ತೆ ಒಬ್ಬರೇ. ಎಪ್ಪತ್ತೆಂಟು ವರ್ಷ. ಒಂದು ಕಾಲದಲ್ಲಿ ಅವರ ಕಣ್ಣು ತಪ್ಪಿಸಿ ಈ ಮನೆಯಲ್ಲಿ ಒಂದು ಚಮಚ ಸಕ್ಕರೆ ಅತ್ತಿತ್ತ ಆಗುತ್ತಿರಲಿಲ್ಲ. ಈಗ ಅದೇ ಅತ್ತೆ ಚಪ್ಪಲಿಯನ್ನು ಫ್ರಿಜ್ಜಿನಲ್ಲಿಟ್ಟು ಮನೆಯೆಲ್ಲ ಹುಡುಕುತ್ತಾರೆ. ಒಮ್ಮೊಮ್ಮೆ ನನ್ನನ್ನು ತಮ್ಮ ತಂಗಿಯೆಂದುಕೊಳ್ಳುತ್ತಾರೆ. ಆ ದಿನಗಳಲ್ಲಿ ನನಗೆ ಮರ್ಯಾದೆ ಜಾಸ್ತಿ.

ಮರೆವನ್ನು ಹೇಗೋ ಸಂಭಾಳಿಸಬಹುದಿತ್ತು. ಕಷ್ಟ ಬಂದದ್ದು ಅವರು ಹೊರಗೆ ಹೋಗತೊಡಗಿದಾಗ. ಮೊದಲ ಸಲ ಬಸ್ ನಿಲ್ದಾಣದಲ್ಲಿ ಖಾಲಿ ಡಬ್ಬಿಗಳ ಚೀಲ ಹಿಡಿದು ಕೂತಿದ್ದರು. ಎರಡನೆಯ ಸಲ ಬಿದ್ದು ಮಂಡಿ ತರಚಿಕೊಂಡಿದ್ದರು. ಮೂರನೆಯ ಸಲ ದೊಡ್ಡ ರಸ್ತೆಯ ನಟ್ಟನಡುವೆ ನಿಂತಿದ್ದರಂತೆ. ಲಾರಿಯವನೊಬ್ಬ ಬ್ರೇಕು ಹಾಕಿ, ಇಳಿದು, ಕೈ ಹಿಡಿದು ದಡ ಸೇರಿಸಿದ. ನಾನು ಓಡಿಹೋದಾಗ ಅವರ ಕೈಯನ್ನು ನನ್ನ ಕೈಗಿತ್ತು, “ಮನೇಲಿ ಯಾರೂ ಇಲ್ವೇನಮ್ಮಾ?” ಎಂದು ಕೇಳಿದ.

ನೋಡಿಕೊಳ್ಳಲು ಇಬ್ಬರು ಹೆಂಗಸರನ್ನು ಇಟ್ಟು ನೋಡಿದೆ. ಒಬ್ಬಾಕೆ ಬಾಚಣಿಗೆ ಕದ್ದಳೆಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಕೂಗಿದರು. ಇನ್ನೊಬ್ಬಾಕೆಯನ್ನು ಒಳಗೇ ಬಿಡಲಿಲ್ಲ. ಇನ್ನು ಉಳಿದದ್ದು ಎರಡೇ ದಾರಿ: ನಾನು ಕೆಲಸ ಬಿಡಬೇಕು, ಇಲ್ಲವೇ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಬೇಕು. ನಾನು ಬೀಗ ಹಾಕಿದೆ. ನಾಲ್ಕನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದು ಬಾಗಿಲು ತೆಗೆದರೆ ಅತ್ತೆ ಚಪ್ಪಲಿ ಹಾಕಿಕೊಂಡು ಬಾಗಿಲಿಗೆದುರಾಗಿ ನೆಲದ ಮೇಲೆ ಕೂತಿದ್ದರು. ತಟ್ಟಿ ತಟ್ಟಿ ಬೆರಳ ಗಂಟುಗಳು ಊದಿಕೊಂಡಿದ್ದವು. ಬಿಸಿನೀರಿನಲ್ಲಿ ಕೈ ಅದ್ದಿಸಿ ಒರೆಸಿದೆ. ಮರುದಿನ ಮತ್ತೆ ಬೀಗ ಹಾಕಿ ಹೋದೆ.

ಆಗ ನಮ್ಮವರು ಫೋನಿನಲ್ಲಿ ನೋಡಿ ಒಂದು ಸ್ಮಾರ್ಟ್ ಬೀಗ ತರಿಸಿದರು. ಬೆರಳಿಟ್ಟರೆ ತೆರೆಯುತ್ತದೆ, ನಂಬರು ಒತ್ತಿದರೂ ತೆರೆಯುತ್ತದೆ, ಹಾಕಿದರೆ ತಾನೇ ಬಿಗಿದುಕೊಳ್ಳುತ್ತದೆ. ಫೋನಿಗೆ ಜೋಡಿಸಿಕೊಂಡರೆ ಅಂಗಡಿಯಲ್ಲಿ ಕೂತೇ ತೆಗೆಯಬಹುದು, ಬಾಗಿಲು ಯಾವಾಗ ತೆರೆದರೂ ಫೋನು ಬಡಿದುಕೊಳ್ಳುತ್ತದೆ. ಬೇಕೆಂದರೆ ಒಳಗಿನ ಹಿಡಿಯನ್ನು ಕೆಲಸ ಮಾಡದಂತೆ ನಿಲ್ಲಿಸಲೂಬಹುದು. ನಮಗೆ ಬೇಕಾಗಿದ್ದದ್ದು ಆ ಕೊನೆಯದು. ಅತ್ತೆ ಒಳಗಿರಬೇಕು, ನಾನು ಕೆಲಸದಲ್ಲಿರಬೇಕು, ಎದೆ ಹೊಡೆದುಕೊಳ್ಳಬಾರದು. ಬೀಗದ ಪೆಟ್ಟಿಗೆ ಬಂದ ದಿನವೇ ನಮ್ಮವರು ಬಸ್ಸು ಹತ್ತಿದರು. “ಫೋನಿಗೆ ಜೋಡಿಸೋದು ನಾನು ಬಂದ್ಮೇಲೆ ನೋಡ್ತೀನಿ, ನೀನು ಬಾಗಿಲಿಗೆ ಹಾಕಿಸಿಡು” ಎಂದರು.

ನನಗೆ ರಜೆ ಇದ್ದ ದಿನ ಬೆಳಗ್ಗೆ ಹನ್ನೊಂದಕ್ಕೆ ಬೀಗರು ಬಂದರು. ಅಭ್ಯಾಸದಂತೆ, “ಬನ್ನಿ ಬೀಗರೇ, ಒಳಗೆ ಬನ್ನಿ” ಎಂದೆ. ಬಾಯಿ ಮುಚ್ಚುವಷ್ಟರಲ್ಲಿ ಒಳಕೋಣೆಯಿಂದ ಅತ್ತೆ ಕೂದಲು ಸರಿಮಾಡಿಕೊಳ್ಳುತ್ತ ಬಂದೇಬಿಟ್ಟರು.

“ಬೀಗರು ಬಂದ್ರಾ? ಎಷ್ಟು ವರ್ಷ ಆಯ್ತು ಬೀಗರೇ ನೀವು ಬಂದು! ಮಗಳ ನೆನಪು ಈಗ ಆಯ್ತಾ? ಏ ಹುಡುಗಿ, ನಿಮ್ಮಪ್ಪನ್ನ ಬಾಗಿಲಲ್ಲೇ ನಿಲ್ಲಿಸಿಕೊಂಡಿದೀಯಲ್ಲ, ಕುರ್ಚಿ ಹಾಕು.”

ಬೀಗರು ಚೀಲ ಹಿಡಿದು ನಿಂತಲ್ಲೇ ನಿಂತು ನನ್ನ ಮುಖ ನೋಡಿದರು. ನಾನು ಮೆಲ್ಲಗೆ, “ನಮ್ಮಪ್ಪ ಅಂದ್ಕೊಂಡಿದಾರೆ. ಅವರು ತೀರಿಕೊಂಡು ಹತ್ತೊಂಬತ್ತು ವರ್ಷ ಆಯ್ತು” ಎಂದೆ. ಅವರು ಒಂದು ಕ್ಷಣ ಯೋಚಿಸಿದರು. ಆಮೇಲೆ ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. “ಕೆಲಸ ಜಾಸ್ತಿ ಆಗಿತ್ತಮ್ಮ, ಬರೋಕೆ ಆಗ್ಲಿಲ್ಲ” ಎಂದರು.

ನಮ್ಮಪ್ಪ ಆಸ್ಪತ್ರೆ ಸೇರಿದಾಗ ನಮ್ಮಣ್ಣ ಈ ಮನೆಗೆ ಫೋನು ಮಾಡಿದ್ದ. ಆಗ ಮನೆಗೊಂದೇ ಫೋನು, ಅದು ಇರುತ್ತಿದ್ದದ್ದು ಅತ್ತೆಯ ಮಂಚದ ಪಕ್ಕ. ನನಗೆ ಸುದ್ದಿ ಮುಟ್ಟಲಿಲ್ಲ. ಎರಡು ದಿನ ಬಿಟ್ಟು ಅಣ್ಣ ಮತ್ತೆ ಫೋನು ಮಾಡಿದಾಗ ಅಕಸ್ಮಾತ್ತಾಗಿ ನಾನೇ ಎತ್ತಿಕೊಂಡೆ; ಓಡಿದೆ. ನಾನು ಮುಟ್ಟುವ ಹೊತ್ತಿಗೆ ಅಪ್ಪನಿಗೆ ಯಾರ ಗುರುತೂ ಇರಲಿಲ್ಲ. “ಮೊನ್ನೆಯೇ ಹೇಳಿದ್ನಲ್ಲೇ, ನಿಮ್ಮತ್ತೆ ಹತ್ರ” ಎಂದು ಅಣ್ಣ ಅತ್ತ. ವಾಪಸು ಬಂದು ಅತ್ತೆಯನ್ನು ಕೇಳಿದರೆ, “ನನಗೆ ಯಾವ ಫೋನೂ ಬಂದಿಲ್ಲ” ಎಂದರು. ಮತ್ತೆ ಎರಡು ಸಲ ಕೇಳಿದೆ, ಎರಡು ಸಲವೂ ಅದೇ ಮಾತು. ಆಮೇಲೆ ಕೇಳುವುದನ್ನು ಬಿಟ್ಟೆ. ಮನೆ ಒಡೆಯಬಾರದೆಂದು ಬಾಯಿಗೆ ಬೀಗ ಹಾಕಿಕೊಂಡೆ. ನಿಜ ಹೇಳಬೇಕೆಂದರೆ, ಮೊನ್ನೆ ಮೊನ್ನೆ ಹೊರಗಿನಿಂದ ಬೀಗ ಜಡಿಯುವಾಗ ನನ್ನ ಕೈ ನಡುಗಬೇಕಾದಷ್ಟು ನಡುಗಲಿಲ್ಲ.

ಬೀಗರು ಕೆಲಸ ಶುರು ಮಾಡಿದರು. ಮೊದಲು ಬಾಗಿಲಿನ ಹತ್ತು ಸಲದ ಲೆಕ್ಕ ಆಯಿತು. ಆಮೇಲೆ ಪೆಟ್ಟಿಗೆ ಬಿಚ್ಚಿ ಒಂದೊಂದೇ ಸಾಮಾನು ನೆಲದ ಮೇಲೆ ಜೋಡಿಸಿದರು, ಪೆಟ್ಟಿಗೆಯನ್ನು ಬೋರಲು ಹಾಕಿ ಅಲ್ಲಾಡಿಸಿದರು.

“ಕೀಲಿ ಎಲ್ಲಮ್ಮಾ?”

“ಇದಕ್ಕೆ ಕೀಲಿ ಇರಲ್ಲ ಬೀಗರೇ.”

“ಕೀಲಿ ಇಲ್ವಾ! ಹಾಗಾದ್ರೆ ಇದು ಬೀಗ ಅಲ್ಲ, ಬೀಗದ ವೇಷ.”

ಪುಸ್ತಕದಲ್ಲಿದ್ದದ್ದನ್ನು ನಾನು ಓದಿ ಹೇಳಿದೆ. ಅವರೇ ಓದಲು ಹೋಗಿ ಕಾಗದವನ್ನು ಒಂದು ಮೊಳ ದೂರ ಹಿಡಿದಿದ್ದರು. ಕನ್ನಡಕದ ಅಂಗಡಿಯವಳಾದ ನನಗೆ ಅವರ ಮೂಗಿನ ಮೇಲಿನದು ಎಂಟು ವರ್ಷ ಹಳೆಯ ನಂಬರೆಂದು ತಿಳಿಯಲು ಅಷ್ಟು ಸಾಕಾಯಿತು. ಅಳತೆಯ ಕಾಗದವನ್ನು ಬಾಗಿಲಿಗೆ ಅಂಟಿಸಿ ಪೆನ್ಸಿಲಿನಿಂದ ಗುರುತು ಹಾಕಿದರು. ಹಳೆಯ ಬೀಗ ಬಿಚ್ಚಿದರು. ಡ್ರಿಲ್ ಹಾಕಿ ತೂತು ದೊಡ್ಡದು ಮಾಡಿ, ಚೌಕಟ್ಟಿನಲ್ಲಿ ಬೀಗದ ನಾಲಿಗೆ ಕೂರುವ ಜಾಗವನ್ನು ಉಳಿಯಿಂದ ಕೆತ್ತಿದರು. ಅತ್ತೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

“ನೀವ್ಯಾಕೆ ಬೀಗರೇ ಈ ಕೆಲಸ ಮಾಡ್ತಿದ್ದೀರಿ? ಬಂದ ನೆಂಟರ ಕೈಲಿ ಕೆಲಸ ಮಾಡಿಸೋ ಮನೆಯಲ್ಲ ಇದು.”

“ಮಗಳ ಮನೆ ಬಾಗಿಲಲ್ವಾ ಅಮ್ಮ. ಬೇರೆಯವರ ಕೈಗೆ ಬಿಡೋಕಾಗುತ್ತಾ?”

ಅತ್ತೆಗೆ ಅದು ಬಹಳ ಹಿಡಿಸಿತು. “ಕೇಳಿಸ್ಕೊಂಡ್ಯಾ?” ಎಂದು ನನ್ನತ್ತ ನೋಡಿದರು. ನಾನು ಕೇಳಿಸದವಳಂತೆ ಮರದ ಪುಡಿ ಗುಡಿಸಿದೆ.

ಬೀಗವನ್ನು ಕೂರಿಸಿ ನನ್ನ ಬಲಗೈ ತೋರುಬೆರಳನ್ನು ಅದಕ್ಕೆ ಪರಿಚಯ ಮಾಡಿಸಿದೆವು, ಒಂದು ನಂಬರೂ ಹಾಕಿದೆವು. ಇನ್ನು ಉಳಿದದ್ದು ಒಳಗಡೆಯ ಬ್ಯಾಟರಿಯ ಮುಚ್ಚಳ. ಅದರ ಕೆಳಗೆ ಒಂದು ಪುಟ್ಟ ಗುಂಡಿ. ಬಲಕ್ಕೆ ಸರಿಸಿದರೆ ಒಳಗಿನ ಹಿಡಿ ತಿರುಗುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. “ಅದನ್ನ ಬಲಕ್ಕೆ ಸರಿಸಿಬಿಡಿ ಬೀಗರೇ” ಎಂದೆ.

ಅವರು ಗುಂಡಿಯನ್ನು ನೋಡಿದರು, ನನ್ನನ್ನು ನೋಡಿದರು, ಅತ್ತೆಯ ಬೆರಳುಗಳನ್ನು ನೋಡಿದರು. ದನಿ ತಗ್ಗಿಸಿ, “ಇದು ನನ್ನ ಕೈಲಾಗಲ್ಲಮ್ಮ. ನಾನು ಹೋದ ಮೇಲೆ ನಿಮ್ಮ ಮನೆ, ನಿಮ್ಮ ಇಷ್ಟ” ಎಂದರು.

“ಲಾರಿ ಕೆಳಗೆ ಸಿಕ್ಕಿದ್ರೆ ನೀವು ಬರ್ತೀರಾ?” ನನಗೆ ಸಿಟ್ಟು ಬಂದಿತ್ತು. “ಉಪದೇಶ ಎಲ್ರೂ ಮಾಡ್ತಾರೆ. ಬೆಳಗ್ಗೆಯಿಂದ ಸಂಜೆತನಕ ಎದೇಲಿ ಕೆಂಡ ಇಟ್ಕೊಂಡು ಕೆಲಸ ಮಾಡೋಳು ನಾನು.”

“ನಾನು ಉಪದೇಶ ಮಾಡ್ಲಿಲ್ಲ. ನನ್ನ ಕೈಲಾಗಲ್ಲ ಅಂದೆ ಅಷ್ಟೆ.”

ಟೀ ಮಾಡಿ ತಂದೆ. ಅತ್ತೆ ಬೀಗರನ್ನು ಕೈಹಿಡಿದು ಅಡುಗೆಮನೆಯ ಮೇಜಿಗೆ ಕರೆದುಕೊಂಡು ಹೋದರು. ಬೀಗರು ಬಾಗಿಲ ಬಳಿ ಕೂತು ಟೀ ಕುಡಿಯಬಾರದಂತೆ. ಮುಂಬಾಗಿಲಲ್ಲಿ ನಾನೊಬ್ಬಳೇ ಉಳಿದೆ. ಮುಚ್ಚಳ ತೆರೆದೇ ಇತ್ತು. ಒಂದು ಬೆರಳು ಸಾಕು. ಗುಂಡಿಯನ್ನು ಬಲಕ್ಕೆ ಸರಿಸಿ ಮುಚ್ಚಳ ಹಾಕಿ ತಿರುಪು ಬಿಗಿದುಬಿಟ್ಟೆ.

ಬೀಗರು ಬಾಯಿ ಒರೆಸಿಕೊಳ್ಳುತ್ತ ಬಂದರು. ಮುಚ್ಚಳ ಬಿಗಿದಿರುವುದನ್ನು ಕಂಡು, “ನೀವೇ ಹಾಕಿದ್ರಾ? ಒಳ್ಳೇದಾಯ್ತು” ಎಂದರು. ಪಾಪ, ನನ್ನನ್ನು ನಂಬಿದರು. “ಈಗ ಒಂದ್ಸಲ ಒಳಗಿಂದ ತೆಗೆದು ನೋಡಿ ಹೊರಟುಬಿಡ್ತೀನಿ” ಎಂದು ಚೀಲವನ್ನೂ ಬಿದ್ದಿದ್ದ ಸಾಮಾನನ್ನೂ ಎತ್ತಿ ಹೊರಗಿನ ಮೆಟ್ಟಿಲ ಮೇಲಿಟ್ಟರು. ಆಗಲಾದರೂ ನಾನು ಹೇಳಬೇಕಿತ್ತು. ನಾಚಿಕೆ ಬಾಯಿ ಕಟ್ಟಿತು. ಸುಮ್ಮನೆ ಹೊರಗೆ ಬಂದು ನಿಂತೆ.

ಅತ್ತೆ ಬರಲೊಪ್ಪಲಿಲ್ಲ. “ಬೀಗರನ್ನ ಒಬ್ರನ್ನೇ ಬಿಟ್ಟು ನಾನು ಹೊರಗೆ ನಿಲ್ಲಲಾ? ಚೆನ್ನಾಗಿದೆ” ಎಂದು ಅಲ್ಲೇ ನಿಂತರು. ಬಾಗಿಲು ಹಾಕಿಕೊಂಡಿತು. ಬೀಗ ಕರ್ ಎಂದು ತಾನೇ ಬಿಗಿದುಕೊಂಡಿತು.

ನಮ್ಮ ಬಾಗಿಲು ತೆಳು, ಒಳಗಿನ ಪಿಸುಮಾತೂ ಹೊರಗೆ ಕೇಳುತ್ತದೆ. ಹಿಡಿ ಒಮ್ಮೆ ತಿರುಗಿತು. ಮತ್ತೊಮ್ಮೆ ತಿರುಗಿತು. ಬೀಗರು ನನ್ನನ್ನು ಕರೆಯಲಿಲ್ಲ, ಬಾಗಿಲು ತಟ್ಟಲೂ ಇಲ್ಲ. ಅವರಿಗೆ ಎಲ್ಲ ತಿಳಿದುಹೋಯಿತೆಂದು ನನಗೂ ತಿಳಿಯಿತು. ಬೆರಳೆತ್ತಿ ಬೀಗದ ಹತ್ತಿರ ಒಯ್ದೆ. ಅಷ್ಟರಲ್ಲಿ ಅತ್ತೆಯ ದನಿ ಕೇಳಿಸಿತು.

“ಅದು ತೆಗೆಯಲ್ಲ ಬೀಗರೇ. ಅವಳು ದಿನಾ ಹಾಕ್ಕೊಂಡು ಹೋಗ್ತಾಳೆ.”

ಬೀಗರು ಹಿಡಿಯನ್ನು ಬಿಟ್ಟ ಸದ್ದಾಯಿತು.

“ಹಾಕ್ಲಿ ಬಿಡಿ. ನಾನು ಮಾಡಿದ್ದಕ್ಕೆ ಇದು ಸರಿಯಾಗೇ ಇದೆ. ನೀವು ಆಸ್ಪತ್ರೇಲಿದ್ದಾಗ ಫೋನ್ ಬಂದಿತ್ತು. ನಾನೇ ಎತ್ತಿಕೊಂಡಿದ್ದು. ಮನೆಗೆ ಬಣ್ಣ ಹೊಡೀತಿದ್ರು, ಎಲ್ಲಾ ಸಾಮಾನು ಹೊರಗೆ ಬಿದ್ದಿತ್ತು. ಇವಳು ಹೋದ್ರೆ ಕೈಗೆ ಜನ ಇಲ್ಲ. ಮುಗೀಲಿ, ಹೇಳಿದ್ರಾಯ್ತು ಅಂದ್ಕೊಂಡೆ. ಎರಡೇ ದಿನ ಬೀಗರೇ. ಎರಡು ದಿನದಲ್ಲಿ ಹೀಗಾಗುತ್ತೆ ಅಂತ ನನಗೇನು ಗೊತ್ತು?”

ಹತ್ತೊಂಬತ್ತು ವರ್ಷ ನಾನು ಕಾದಿದ್ದ ಮಾತು. ಬಂದದ್ದು ನನ್ನ ಮುಂದಲ್ಲ, ಬಾಗಿಲ ಆಚೆ, ಅಪ್ಪನಲ್ಲದ ಒಬ್ಬರ ಮುಂದೆ. ಬಣ್ಣ ಹೊಡೆಯುತ್ತಿದ್ದರಂತೆ. ನನಗೆ ನೆನಪಿದೆ ಆ ಎರಡು ದಿನ. ಅಡುಗೆಮನೆಯ ಗೋಡೆಗೆ ಹಳದಿ. ಪಾತ್ರೆಗಳನ್ನು ಒರೆಸಿ ಒರೆಸಿ ಜೋಡಿಸಿದವಳು ನಾನು, ಅತ್ತೆ ಮೆಚ್ಚಲಿ ಎಂದು. ಕಣ್ಣೀರು ಬಂತು. ಸಿಟ್ಟಿಗೋ ದುಃಖಕ್ಕೋ ನನಗೆ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಬಂದಿರಬೇಕು.

“ನಿಮ್ಮ ಸೊಸೆಗೆ ಹೇಳಿದ್ರಾ ಅಮ್ಮ?” ಬೀಗರ ದನಿ.

“ಇಲ್ಲ. ಇಲ್ಲ ಅಂತ ಸಾಧಿಸಿಬಿಟ್ಟೆ. ಆಮೇಲೆ ಹೇಗೆ ಹೇಳ್ಲಿ? ಹೇಳಿದ್ರೆ ನನ್ನ ಬಿಟ್ಟು ಹೊರಟುಹೋಗ್ತಾಳೆ.” ಮತ್ತೆ, “ನೀವಾದ್ರೂ ಕ್ಷಮಿಸಿಬಿಡಿ ಬೀಗರೇ” ಎಂದರು.

ಹೂಂ ಎಂದುಬಿಡುತ್ತಾರೆಂದು ನಾನು ಹಲ್ಲು ಕಚ್ಚಿ ನಿಂತೆ. ಮುದುಕಿಯ ಸಮಾಧಾನಕ್ಕೆ ಯಾರಾದರೂ ಹೂಂ ಎನ್ನುತ್ತಿದ್ದರು. ಬೀಗರು ಅನ್ನಲಿಲ್ಲ. “ಅದು ನಾನು ಕೊಡೋದಲ್ಲಮ್ಮ. ನಿಮ್ಮ ಸೊಸೆ ಈ ಬಾಗಿಲ ಹಿಂದೇನೇ ಇದ್ದಾಳೆ. ಅವಳನ್ನ ಕೇಳಿ” ಎಂದರು.

ನಾನು ಬೆರಳಿಟ್ಟೆ. ಕೆಂಪು ದೀಪ. ಕಣ್ಣೊರೆಸಿಕೊಂಡ ಒದ್ದೆ ಬೆರಳಿನ ಗುರುತು ಅದಕ್ಕೆ ಸಿಗಲಿಲ್ಲ. ಮತ್ತೆ ಇಟ್ಟೆ, ಕೆಂಪು. ಬಟ್ಟೆಗೆ ಉಜ್ಜಿ ಉಜ್ಜಿ ಇನ್ನೊಮ್ಮೆ ಇಟ್ಟೆ. ಬೀಗದೊಳಗಿಂದ ಒಬ್ಬ ಹೆಂಗಸಿನ ದನಿ ನನಗೆ ಅರ್ಥವಾಗದ ಯಾವುದೋ ಭಾಷೆಯಲ್ಲಿ ಬೈಯಿತು, ಬೀಗ ಮೌನವಾಯಿತು. ನಂಬರು ಒತ್ತಿದರೆ ಅದೂ ಹತ್ತಲಿಲ್ಲ. ಆಗ ನೆನಪಾಯಿತು, ಪುಸ್ತಕದಲ್ಲಿ ನಾನೇ ಓದಿ ಹೇಳಿದ್ದೆ: ಮೂರು ಸಲ ತಪ್ಪಿದರೆ ಮೂರು ನಿಮಿಷ ಯಾರಿಗೂ ತೆರೆಯುವುದಿಲ್ಲ. ಹೊರಗೆ ಬೆರಳಿರುವ ನಾನು, ಒಳಗೆ ಅವರಿಬ್ಬರು. ಕೀಲಿ ಇಟ್ಟುಕೊಂಡವನು ಊಟಕ್ಕೆ ಹೋಗುವುದೆಂದರೆ ಏನೆಂದು ನನಗೆ ಆಗ ಅರ್ಥವಾಯಿತು.

“ಬೀಗರೇ, ಅತ್ತೆ, ಮೂರು ನಿಮಿಷ!” ಎಂದು ಕೂಗಿದೆ. “ತೆಗೀತೀನಿ, ಮೂರೇ ನಿಮಿಷ.”

“ಯಾರು ಹೊರಗೆ?” ಎಂದರು ಅತ್ತೆ.

“ನಾನು.”

ಅವರು ಬಾಗಿಲಿಗೆ ಹತ್ತಿರ ಬಂದದ್ದು ಕೇಳಿಸಿತು. “ಎಲ್ಲಾ ಕೇಳಿಸ್ಕೊಂಡ್ಯಾ?”

“ಕೇಳಿಸ್ಕೊಂಡೆ.”

“ಹೊರಟೆಯಾ?”

“ನಾನೆಲ್ಲಿಗೂ ಹೋಗಲ್ಲ ಅತ್ತೆ.”

“ಸುಳ್ಳು. ಹೋಗ್ತೀಯ.”

ನನಗೆ ರೇಗಿತು. ಆ ಹೊತ್ತಿನಲ್ಲೂ ರೇಗಿತು. “ಹೋಗೋಳಾಗಿದ್ರೆ ಹತ್ತೊಂಬತ್ತು ವರ್ಷದ ಹಿಂದೇನೇ ಹೋಗ್ತಿದ್ದೆ. ಫೋನ್ ಬಂದಿತ್ತು ಅಂತ ನನಗೆ ಅವತ್ತೇ ಗೊತ್ತಿತ್ತು. ಅಣ್ಣ ಹೇಳಿದ್ದ.”

ಒಳಗಿನಿಂದ ಅತ್ತೆ ಬಾಗಿಲಿಗೆ ಕೈಯಿಟ್ಟ ಸದ್ದಾಯಿತು.

“ಗೊತ್ತಿತ್ತಾ?” ಎಂದರು ಅತ್ತೆ. ಆಮೇಲೆ, “ಗೊತ್ತಿದ್ದೂ ಇದ್ಯಾ?”

“ಇದ್ದೆ” ಎಂದೆ. ಬೆರಳೊಣಗಿಸಿಕೊಂಡು ಮತ್ತೆ ಇಟ್ಟೆ. ಹಸಿರು ದೀಪ ಹೊತ್ತಿ ಬಾಗಿಲು ತೆರೆದುಕೊಂಡಿತು. ಅತ್ತೆ ಬಾಗಿಲಿಗೆ ಅಂಟಿಕೊಂಡೇ ನಿಂತಿದ್ದರು, ಒಂದು ಹೆಜ್ಜೆ ಮುಂದಕ್ಕೆ ತೂರಾಡಿದರು. ಹಿಡಿದುಕೊಂಡೆ. ಅವರ ಕೈ ಹಗುರವಾಗಿತ್ತು. ಕ್ಷಮಿಸಿದೆ ಎಂದು ನಾನು ಹೇಳಲಿಲ್ಲ. ಆ ಮಾತು ಅಷ್ಟು ಸುಲಭವಾಗಿ ಬರುವುದೂ ಇಲ್ಲ. ಕೈ ಮಾತ್ರ ಬಿಡಲಿಲ್ಲ.

ಬೀಗರು ಮೆಟ್ಟಿಲ ಮೇಲಿನ ಚೀಲದಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗೆ ಕೊಟ್ಟರು. ಮುಖದಲ್ಲಿ ಸಿಟ್ಟಿರಲಿಲ್ಲ, ಆದರೆ ತಾವು ಮಾಡುವುದಿಲ್ಲ, ನಾನೇ ಮಾಡಬೇಕು ಎಂಬುದು ಸ್ಪಷ್ಟವಾಗಿತ್ತು. ಮುಚ್ಚಳ ಬಿಚ್ಚಿ ಗುಂಡಿಯನ್ನು ಎಡಕ್ಕೆ ಸರಿಸಿದೆ. “ಹಾಗಾದ್ರೆ ನಾಳೆಯಿಂದ ನಾನೇನು ಮಾಡ್ಲಿ, ಅದನ್ನೂ ನೀವೇ ಹೇಳಿ” ಎಂದೆ. ಕೊಂಕು ಇತ್ತು, ಸ್ವಲ್ಪ ಆಸೆಯೂ ಇತ್ತು.

ಅವರು ತಲೆ ಕೆರೆದುಕೊಂಡರು. “ನಮ್ಮನೆಯವಳು ಅಂಗಡಿ ಸಂದೀಲಿ ಕೂತು ಬೆನ್ನು ನೋವು ಅಂತ ದಿನಾ ನನ್ನ ಜೀವ ತಿಂತಾಳೆ. ಛತ್ರಿಗಳನ್ನ ಇಲ್ಲೇ ತಂದು ಹೊಲೀಬಹುದು. ಕೇಳಿ ನೋಡ್ತೀನಿ. ಒಪ್ಪಿದ್ರೆ ಒಪ್ಪಿದ್ಲು, ಬೈದ್ರೆ ಬೈಸ್ಕೋತೀನಿ.”

“ಅತ್ತೆ ಯಾರನ್ನೂ ಸೇರಿಸಲ್ಲ ಬೀಗರೇ. ಇಬ್ಬರನ್ನ ಓಡಿಸಿದಾರೆ.”

“ಯಾರು ಬರ್ತಾರಂತೆ?” ಎಂದರು ಅತ್ತೆ.

“ನನ್ನ ಹೆಂಡತಿ, ಅಮ್ಮ.”

“ಬೀಗಿತ್ತಿನಾ? ಬೀಗಿತ್ತಿ ಬರೋದಕ್ಕೆ ಕೇಳೋದೇನಿದೆ? ಕರ್ಕೊಂಡು ಬನ್ನಿ.”

ಆಕೆ ಒಪ್ಪುತ್ತಾರೋ, ಒಪ್ಪಿದರೂ ಎಷ್ಟು ದಿನ ಬರುತ್ತಾರೋ, ಅತ್ತೆ ಎಷ್ಟು ದಿನ ಆಕೆಯನ್ನು ಬೀಗಿತ್ತಿಯೆಂದೇ ತಿಳಿಯುತ್ತಾರೋ ನನಗೆ ಆಗ ಗೊತ್ತಿರಲಿಲ್ಲ. ನಾಳೆ ಬೆಳಗ್ಗೆಯ ಮಟ್ಟಿಗೆ ಒಂದು ದಾರಿ ಕಂಡಿತು. ಅಷ್ಟೇ ನನಗೆ ದೊಡ್ಡದಾಗಿತ್ತು.

ಬೀಗರು ಚೀಲ ಹೆಗಲಿಗೇರಿಸಲಿಲ್ಲ. ಪರೀಕ್ಷೆ ಇನ್ನೂ ಬಾಕಿಯಿತ್ತು. “ಈ ಸಲ ನಾನು ಬೇಡ. ಒಳಗಿರೋರು ಯಾರೋ ಅವರೇ ಮಾಡ್ಲಿ” ಎಂದು ಅತ್ತೆಯನ್ನು ಒಳಗೆ ನಿಲ್ಲಿಸಿ, ಏನು ಮಾಡಬೇಕೆಂದು ನಿಧಾನವಾಗಿ ಹೇಳಿಕೊಟ್ಟರು. ಕಣ್ಣು ಮುಚ್ಚಬೇಕು, ಕೈಯಲ್ಲಿ ಏನೂ ಇರಬಾರದು, ಹಿಡಿ ಸಿಕ್ಕಿದ ಕೂಡಲೇ ಕೆಳಕ್ಕೆ ತಿರುಗಿಸಬೇಕು. ಆಮೇಲೆ ಹೊರಗೆ ಬಂದು ಬಾಗಿಲೆಳೆದರು. ಬೀಗ ಬಿಗಿದುಕೊಂಡಿತು. ನಾನು ಮೇಲಿನ ಮೆಟ್ಟಿಲ ಮೇಲೆ ಕೂತೆ. ಕೆಳಗೆ ಬೀದಿಯ ಸದ್ದು, ಅದರಾಚೆ ದೊಡ್ಡ ರಸ್ತೆಯ ಲಾರಿಗಳು. ಬಾಗಿಲು ತೆರೆದೊಡನೆ ಅತ್ತೆ ಇಳಿದು ಹೊರಟರೆ ಹಿಂದೆ ಓಡಲು ಸಿದ್ಧಳಾಗಿ ಚಪ್ಪಲಿ ಮೆಟ್ಟಿಕೊಂಡೆ.

ಒಳಗೆ ತಡಕಾಡುವ ಸದ್ದಾಯಿತು. ಹಿಡಿ ತಿರುಗಿತು. ಬಾಗಿಲು ತೆರೆಯಿತು. ಅತ್ತೆ ಕಣ್ಣು ಮುಚ್ಚಿಕೊಂಡೇ ಹೊಸ್ತಿಲು ದಾಟಿ ಬಂದು, ಆಮೇಲೆ ಕಣ್ಣು ಬಿಟ್ಟು, ಇಳಿಯುವ ಮೆಟ್ಟಿಲುಗಳನ್ನು ನೋಡಿದರು, ನನ್ನನ್ನು ನೋಡಿದರು.

“ಸ್ವಲ್ಪ ಆಚೆ ಸರಿಯೇ” ಎಂದು ನನ್ನ ಭುಜ ಹಿಡಿದು ಪಕ್ಕದಲ್ಲಿ ಕೂತರು.